ಹಳೇ ಮಿಲಿಟರಿ ಬಂಕರ್ ಕೊಂಡರೆ ಕೈಗೆ ಸಿಗುವುದೇನು?

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಗ್ಲಾಸ್ಕೋ ಅಂತ ಒಂದು ಪುಟ್ಟ ಊರಿದೆ. ಸುತ್ತ ಬರೀ ಹೊಲ. ಆ ಹೊಲಗಳ ನಡುವೆ ಒಂದು ಮಣ್ಣಿನ ದಿಬ್ಬ, ಬೇಲಿ, ದಪ್ಪ ಉಕ್ಕಿನ ಬಾಗಿಲು. ಬಾಗಿಲು ದಾಟಿ ಇಳಿದರೆ ನೆಲದೊಳಗೆ 15 ಅಂತಸ್ತಿನ ಅಪಾರ್ಟ್‌ಮೆಂಟ್! ಈಜುಕೊಳ, ಸಿನಿಮಾ ಹಾಲ್, ನಾಯಿ ಅಡ್ಡಾಡಿಸಲು ಜಾಗ, ಮಣ್ಣಿಲ್ಲದೆ ಸೊಪ್ಪು ತರಕಾರಿ ಬೆಳೆಯುವ ಕೋಣೆ, ಎಲ್ಲಾ ಇದೆ. ಕಿಟಕಿ ಇರಬೇಕಾದ ಕಡೆ ಎಲ್‌ಇಡಿ ಪರದೆ. ಅದರಲ್ಲಿ ಕಾಡು ಬೇಕಾದರೆ ಕಾಡು, ಸಮುದ್ರ ಬೇಕಾದರೆ ಸಮುದ್ರ.

ಲ್ಯಾರಿ ಹಾಲ್ ಎಂಬಾತ 2008ರಲ್ಲಿ ಈ ಜಾಗವನ್ನು 3 ಲಕ್ಷ ಡಾಲರ್‌ಗೆ ಕೊಂಡರು. ಅದನ್ನು ಮನೆ ಮಾಡಲು ಸುಮಾರು 2 ಕೋಟಿ ಡಾಲರ್ ಸುರಿದರು. ಇಡೀ ಒಂದು ಅಂತಸ್ತಿಗೆ 30 ಲಕ್ಷ ಡಾಲರ್, ಅರ್ಧ ಅಂತಸ್ತಿಗೆ 15 ಲಕ್ಷ ಡಾಲರ್ ಅಂತ ಬೆಲೆ ಇಟ್ಟರು. ನಮ್ಮ ಲೆಕ್ಕದಲ್ಲಿ ಒಂದು ಅಂತಸ್ತಿಗೆ 25 ಕೋಟಿ ರೂಪಾಯಿ ಮೇಲೆ. ಅದೂ ಬಿಸಿಲೇ ಬೀಳದ ಮನೆಗೆ. ಆದರೂ ಜನ ಕೊಂಡರು. ಇದರ ಹೆಸರೇ ಸರ್ವೈವಲ್ ಕಾಂಡೋ.

ಇಲ್ಲಿ ನನಗೆ ಮುಖ್ಯ ಅನಿಸಿದ್ದು ಈಜುಕೊಳ ಅಲ್ಲ, ಆ ಎರಡು ಅಂಕಿಗಳು. ಕೊಂಡದ್ದು 3 ಲಕ್ಷಕ್ಕೆ, ವಾಸಕ್ಕೆ ಯೋಗ್ಯ ಮಾಡಿದ್ದು 2 ಕೋಟಿಗೆ. ಅಂದರೆ ಮಿಲಿಟರಿ ಬಿಟ್ಟು ಹೋದ ಕಾಂಕ್ರೀಟ್ ಒಟ್ಟು ಖರ್ಚಿನಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಹಳೇ ಬಂಕರ್ ಮಾರಾಟದ ಜಾಹೀರಾತುಗಳಲ್ಲಿ ಜೋರಾಗಿ ಹೇಳುವುದು ಈ ಎರಡು ಪಾಲಿನ ಬಗ್ಗೆಯೇ. ಗೋಡೆ ಇಷ್ಟು ಅಡಿ ದಪ್ಪ, ಬಾಗಿಲು ಇಷ್ಟು ಟನ್ ತೂಕ, ಅಣುಬಾಂಬ್ ತಡೆಯಲು ಕಟ್ಟಿದ್ದು ಅಂತ. ಉಳಿದ 98 ಪಾಲು ಏನು ಅನ್ನುವುದು ಕೊಂಡ ಮೇಲೆ ಗೊತ್ತಾಗುತ್ತದೆ.

ಗ್ಲಾಸ್ಕೋ ಹತ್ತಿರದ ಈ ಗುಂಡಿ ಅಟ್ಲಾಸ್-ಎಫ್ ಕ್ಷಿಪಣಿಗೆ ತೋಡಿದ ಸೈಲೋ. 1960ರ ಆಸುಪಾಸಿನಲ್ಲಿ ಅಮೆರಿಕ ಇಂಥ 72 ಸೈಲೋಗಳನ್ನು ಕಟ್ಟಿತು. ಆಳ ಸುಮಾರು 174 ಅಡಿ, ಅಗಲ 52 ಅಡಿ. ದೊಡ್ಡ ಬಾವಿ ಅಂದುಕೊಳ್ಳಿ. ಅದರೊಳಗೆ ಕ್ಷಿಪಣಿ ನೆಟ್ಟಗೆ ನಿಂತಿರುತ್ತಿತ್ತು. ಆದೇಶ ಬಂದರೆ ದ್ರವ ಆಮ್ಲಜನಕ ತುಂಬಿಸಿ, ಲಿಫ್ಟ್‌ನಲ್ಲಿ ಮೇಲೆತ್ತಿ ಹಾರಿಸಬೇಕು. ಪಕ್ಕದಲ್ಲಿ ಇನ್ನೊಂದು ಸಣ್ಣ ಗುಂಡಿ. ಅಲ್ಲಿ ಐದು ಜನ ಸಿಬ್ಬಂದಿ. 24 ಗಂಟೆ ಶಿಫ್ಟ್ ಮುಗಿದರೆ ಬೇರೆ ಐದು ಜನ ಬರುತ್ತಿದ್ದರು.

ಈ 72 ಸೈಲೋಗಳು ಕೆಲಸ ಮಾಡಿದ್ದು ಮೂರು ವರ್ಷವೂ ಇಲ್ಲ. 1962ರಲ್ಲಿ ಶುರು, 1965ರಲ್ಲಿ ಬಂದ್. ಅಷ್ಟರಲ್ಲಿ ನಾಲ್ಕು ಸೈಲೋಗಳು ತಮ್ಮದೇ ಇಂಧನದಿಂದ ಹೊತ್ತಿ ಸ್ಫೋಟಗೊಂಡಿದ್ದವು. ಮೂರು ನ್ಯೂ ಮೆಕ್ಸಿಕೋದಲ್ಲಿ, ಒಂದು ಒಕ್ಲಹೋಮಾದಲ್ಲಿ. ಘನ ಇಂಧನದ ಮಿನಿಟ್‌ಮ್ಯಾನ್ ಕ್ಷಿಪಣಿ ಬಂತು. ಅದನ್ನು ನಿಮಿಷದಲ್ಲಿ ಹಾರಿಸಬಹುದಿತ್ತು. ಹಾಗಾಗಿ ಅಟ್ಲಾಸ್ ಸೈಲೋಗಳಿಗೆ ಕೆಲಸವಿಲ್ಲದಾಯಿತು. ಸೈಲೋದೊಳಗಿನ ಉಕ್ಕು, ತಂತಿ, ಯಂತ್ರಗಳನ್ನು ಗುಜರಿಯವರು ಬಿಚ್ಚಿಕೊಂಡು ಹೋದರು. ಖಾಲಿ ಗುಂಡಿಗಳು ರೈತರು, ಶಾಲಾ ಮಂಡಳಿಗಳು, ಯಾರ್ಯಾರದೋ ಕೈ ಸೇರಿದವು.

ಆಮೇಲೆ ನೀರು ಬಂತು. ಸೈಲೋ ಇಳಿದಿರುವುದು ಎಷ್ಟೋ ಕಡೆ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ. ವಾಯುಪಡೆ ಇದ್ದಾಗ ಪಂಪ್‌ಗಳು ನೀರನ್ನು ಎತ್ತಿ ಹಾಕುತ್ತಿದ್ದವು. ಕರೆಂಟ್ ಕಿತ್ತು ಹೋದ ದಿನದಿಂದ ಒರತೆ ಜಿನುಗುತ್ತಾ ಜಿನುಗುತ್ತಾ ಸೈಲೋಗಳು ನಿಜವಾದ ಬಾವಿಗಳೇ ಆದವು. ಟೆಕ್ಸಾಸ್‌ನ ಅಬಿಲೀನ್ ಹತ್ತಿರ ಅಂಥದ್ದೊಂದು ಸೈಲೋದಲ್ಲಿ ಸ್ಕೂಬಾ ಡೈವಿಂಗ್ ಕಲಿಸುತ್ತಾರೆ. ಒಂದು ಕಾಲದಲ್ಲಿ ಮಾಸ್ಕೋ ಕಡೆ ಮುಖ ಮಾಡಿದ್ದ ಕ್ಷಿಪಣಿಯ ಜಾಗದಲ್ಲಿ ಈಗ ಜನ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ಮುಳುಗು ಹಾಕುತ್ತಾರೆ. ಮಿಲಿಟರಿ ಬಂಕರ್‌ಗೆ ಇದಕ್ಕಿಂತ ಪ್ರಾಮಾಣಿಕ ಬಳಕೆ ಇಲ್ಲ ಅಂತ ನನಗೆ ಅನಿಸುತ್ತದೆ.

ಈ ಜಾಗಗಳನ್ನು ಜನ ಬದುಕಿ ಉಳಿಯಲಿ ಅಂತ ಯಾರೂ ಕಟ್ಟಲಿಲ್ಲ, ಅಲ್ವಾ? ಶತ್ರುವಿನ ಬಾಂಬ್ ಹತ್ತಿರ ಬಿದ್ದರೂ ನಮ್ಮ ಕ್ಷಿಪಣಿ ಹಾರುವಷ್ಟು ಹೊತ್ತು ಗೋಡೆ ನಿಲ್ಲಬೇಕು. ಅಷ್ಟೇ ಉದ್ದೇಶ. ಕ್ಷಿಪಣಿ ಹಾರಿದ ಮೇಲೆ ಒಳಗಿರುವ ಐದು ಜನರು ಒಂದು ವರ್ಷ ಏನು ತಿನ್ನುತ್ತಾರೆ ಅನ್ನುವುದು ಆ ನಕ್ಷೆ ಬರೆದವರ ಪ್ರಶ್ನೆಯಾಗಿರಲಿಲ್ಲ.

ಬ್ರಿಟನ್‌ನಲ್ಲೂ ಹೀಗೇ. ಅಲ್ಲಿ ಹರಾಜಿಗೆ ಬರುವ 'ನ್ಯೂಕ್ಲಿಯರ್ ಬಂಕರ್'ಗಳಲ್ಲಿ ಬಹಳಷ್ಟು ರಾಯಲ್ ಅಬ್ಸರ್ವರ್ ಕೋರ್ ಎಂಬ ಸ್ವಯಂಸೇವಕರ ದಳದ ವೀಕ್ಷಣಾ ಕೋಣೆಗಳು. ಶೀತಲ ಸಮರದ ಕಾಲದಲ್ಲಿ ದೇಶದ ತುಂಬಾ 1,563 ಕೋಣೆಗಳನ್ನು ಹೂತಿದ್ದರು. 1968ರಲ್ಲಿ ಸುಮಾರು ಅರ್ಧ ಮುಚ್ಚಿದರು, ಉಳಿದದ್ದನ್ನು 1991ರಲ್ಲಿ. ಏಣಿ ಹಿಡಿದು ಇಳಿದರೆ ಒಂದು ಸಣ್ಣ ರೂಮು, ಪಕ್ಕದಲ್ಲಿ ಡಬ್ಬಿಯಂಥ ಟಾಯ್ಲೆಟ್. ನಲ್ಲಿ ಇಲ್ಲ, ಹೀಟರ್ ಇಲ್ಲ. ಮೂರು ಸ್ವಯಂಸೇವಕರು ಅಲ್ಲಿ ಕೂತು ಬಾಂಬ್ ಎಲ್ಲಿ ಬಿತ್ತು, ವಿಕಿರಣ ಎಷ್ಟಿದೆ ಅಂತ ಫೋನಿನಲ್ಲಿ ವರದಿ ಮಾಡಬೇಕಿತ್ತು. ಕಾರಿನ ಬೆಲೆಗೆ ಸಿಗುವ ಬಂಕರ್ ಅಂತ ಪತ್ರಿಕೆಗಳಲ್ಲಿ ಬರುವುದು ಇದೇ. ಇಳಿದು ನೋಡಿದರೆ ನಮ್ಮ ಮನೆಗಳ ದೊಡ್ಡ ಸಂಪ್ ನೆನಪಾದರೆ ಆಶ್ಚರ್ಯವಿಲ್ಲ.

ಇನ್ನೂ ವಿಚಿತ್ರವಾದದ್ದು ದಕ್ಷಿಣ ಡಕೋಟಾದ ಕಥೆ. ಎಜ್‌ಮಾಂಟ್ ಊರಿನ ಹತ್ತಿರ 1942ರಲ್ಲಿ ಸೈನ್ಯ ಒಂದು ದೊಡ್ಡ ಮದ್ದುಗುಂಡಿನ ಉಗ್ರಾಣ ಕಟ್ಟಿತು. ಹುಲ್ಲುಗಾವಲಿನ ತುಂಬಾ ಸಾಲು ಸಾಲಾಗಿ ಮಣ್ಣು ಹೊದ್ದ ಕಮಾನುಗಳು. ಹಿಮದ ಗುಡಿಸಲಿನ ಆಕಾರ ಅಂತ ಇವಕ್ಕೆ 'ಇಗ್ಲೂ' ಎಂದೇ ಹೆಸರು. ಕೆಲಸಗಾರರಿಗಾಗಿ ಎದ್ದ ಊರಿಗೂ ಅದೇ ಹೆಸರು ಬಂತು. 1967ರಲ್ಲಿ ಉಗ್ರಾಣ ಮುಚ್ಚಿತು. ಊರೂ ಖಾಲಿಯಾಯಿತು. ಈಗ ಅಲ್ಲಿನ 575 ಇಗ್ಲೂಗಳನ್ನು ವಿವೋಸ್ ಎಂಬ ಕಂಪನಿ 'ಎಕ್ಸ್‌ಪಾಯಿಂಟ್' ಅಂತ ಹೆಸರಿಟ್ಟು ಜನರಿಗೆ ಕೊಡುತ್ತಿದೆ.

'ಕೊಡುತ್ತಿದೆ' ಅಂದೆ, 'ಮಾರುತ್ತಿದೆ' ಅನ್ನಲಿಲ್ಲ. ಅದು 99 ವರ್ಷದ ಲೀಸ್. ಶುರುವಿನಲ್ಲಿ 25,000 ಡಾಲರ್ ಇತ್ತು, ಆಮೇಲೆ 35,000 ಆಯಿತು, ಮುಂದೆ 55,000ಕ್ಕೆ ಏರಿತು. ಜೊತೆಗೆ ವರ್ಷ ವರ್ಷ ನೆಲಬಾಡಿಗೆ. ಅಷ್ಟಕ್ಕೆ ಸಿಗುವುದು ಖಾಲಿ ಕಮಾನು. ಒಳಗೆ ಕರೆಂಟ್, ಟಾಯ್ಲೆಟ್, ಗಾಳಿ ಶೋಧಿಸುವ ಯಂತ್ರ, ಅಡುಗೆಮನೆ, ಎಲ್ಲಾ ಹಾಕಿಸಿಕೊಳ್ಳುವುದು ಲೀಸ್ ಪಡೆದವರ ಪಾಲು. ಮನೆ ಲೀಸಿಗೆ ಹಾಕಿಕೊಂಡು ಒದ್ದಾಡಿದ ಬೆಂಗಳೂರಿನವರಿಗೆ ಮುಂದಿನದ್ದನ್ನು ಬಿಡಿಸಿ ಹೇಳಬೇಕಿಲ್ಲ. ಲೀಸ್ ಅಂದರೆ ನಿಯಮ, ನಿಯಮ ಅಂದರೆ ಜಗಳ. ಅಲ್ಲಿನ ಕೆಲವು ನಿವಾಸಿಗಳ ಮತ್ತು ಕಂಪನಿಯ ಜಗಳ ಕೋರ್ಟ್ ಮೆಟ್ಟಿಲು ಹತ್ತಿದೆ. ಸ್ವಲ್ಪ ಯೋಚನೆ ಮಾಡಿ. ಕಾನೂನು, ಸರ್ಕಾರ ಎಲ್ಲಾ ಕುಸಿದು ಬಿದ್ದ ದಿನಕ್ಕೆ ಅಂತ ತೆಗೆದುಕೊಂಡ ಜಾಗ. ಆ ಜಾಗದ ಮೇಲಿನ ಹಕ್ಕು ನಿಂತಿರುವುದು ಮಾತ್ರ ಕರಾರುಪತ್ರದ ಮೇಲೆ, ಅದನ್ನು ಎತ್ತಿ ಹಿಡಿಯುವ ಕೋರ್ಟಿನ ಮೇಲೆ.

ಇಗ್ಲೂ ಕಟ್ಟಿದ್ದರ ಹಿಂದಿನ ಎಂಜಿನಿಯರಿಂಗ್ ಇನ್ನೂ ಸ್ವಾರಸ್ಯದ್ದು. ಅದು ಹೊರಗಿನ ಬಾಂಬ್ ತಡೆಯಲು ಕಟ್ಟಿದ್ದಲ್ಲ. ಒಳಗಿಟ್ಟ ಮದ್ದು ಅಕಸ್ಮಾತ್ ಸಿಡಿದರೆ ಹೊಡೆತ ಪಕ್ಕಕ್ಕೆ ಹೋಗದೆ ಮೇಲಕ್ಕೆ ಹೋಗಲಿ, ಪಕ್ಕದ ಇಗ್ಲೂ ಉಳಿಯಲಿ ಅಂತ ಕಮಾನು ಕಟ್ಟಿ ಮಣ್ಣು ಮುಚ್ಚುತ್ತಾರೆ. ಒಂದಕ್ಕೊಂದು ದೂರ ದೂರ ಇರುವುದೂ ಅದಕ್ಕೇ. ಅಂದರೆ ಆ ವಿನ್ಯಾಸ ನೆರೆಯ ಇಗ್ಲೂವನ್ನು ಕಾಪಾಡುತ್ತದೆ, ಒಳಗಿದ್ದದ್ದನ್ನಲ್ಲ! ವಿಕಿರಣದ ಧೂಳು ತಡೆಯಲು ಆ ಮಣ್ಣು, ಕಾಂಕ್ರೀಟ್ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ 'ಮಿಲಿಟರಿ ಕಟ್ಟಿದ್ದು' ಅಂದ ಕೂಡಲೇ ಎಲ್ಲವನ್ನೂ ತಡೆಯುತ್ತದೆ ಅಂದುಕೊಳ್ಳುವುದು ತಪ್ಪು. ಆ ಉಗ್ರಾಣದಲ್ಲಿ ಒಂದು ಕಾಲದಲ್ಲಿ ಸಾಸಿವೆ ಅನಿಲ, ಸರಿನ್ ಎಂಬ ಯುದ್ಧದ ವಿಷಗಳೂ ಇದ್ದವು ಅನ್ನುವುದೂ ನೆನಪಿರಲಿ.

ವಿಷದ ಮಾತು ಬಂತಲ್ಲ, ಅಟ್ಲಾಸ್ ಸೈಲೋಗಳಿಗೂ ಒಂದು ವಿಷದ ಕಥೆ ಇದೆ. ದ್ರವ ಆಮ್ಲಜನಕ ಹರಿಯುವ ಪೈಪಿನಲ್ಲಿ ಒಂದು ತೊಟ್ಟು ಎಣ್ಣೆ ಜಿಡ್ಡು ಇದ್ದರೂ ಅನಾಹುತ. ಅದಕ್ಕೆ ಪೈಪುಗಳನ್ನು ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕದಲ್ಲಿ ತೊಳೆಯುತ್ತಿದ್ದರು. ತೊಳೆದ ನೀರು ನೆಲಕ್ಕೆ ಇಳಿಯಿತು. ಅದು ಕ್ಯಾನ್ಸರ್ ತರುವ ರಾಸಾಯನಿಕ ಅಂತ ಆಮೇಲೆ ಗೊತ್ತಾಯಿತು. ವಯೋಮಿಂಗ್, ನೆಬ್ರಾಸ್ಕಾ, ಕಾನ್ಸಾಸ್ ಕಡೆಯ ಹಳೇ ಅಟ್ಲಾಸ್ ಜಾಗಗಳ ಅಂತರ್ಜಲದಲ್ಲಿ ಅದು ಸಿಕ್ಕಿದೆ. ಅಮೆರಿಕ ಸೇನೆಯ ಎಂಜಿನಿಯರ್ ದಳ ಹೀಗೆ ಬಿಟ್ಟುಹೋದ ರಕ್ಷಣಾ ಜಾಗಗಳನ್ನು ಶುಚಿ ಮಾಡಲೆಂದೇ ಒಂದು ಕಾರ್ಯಕ್ರಮ ನಡೆಸುತ್ತಿದೆ. ಇದರ ಜೊತೆಗೆ ಕಲ್ನಾರು, ಸೀಸದ ಬಣ್ಣ. ಪ್ರಪಂಚದ ನೀರೆಲ್ಲಾ ಕೆಟ್ಟರೂ ನನ್ನ ಬಂಕರಿನ ಬೋರ್‌ವೆಲ್ ಇದೆ ಅಂದುಕೊಳ್ಳುವವರು ಮೊದಲು ಆ ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕಳಿಸಬೇಕು.

ಸ್ವಿಟ್ಜರ್ಲೆಂಡ್‌ನ ಮಿತ್‌ಹೋಲ್ಟ್ಸ್ ಹಳ್ಳಿಯವರನ್ನು ಕೇಳಿ. ಅಲ್ಲಿ ಬೆಟ್ಟದೊಳಗಿದ್ದ ಸೈನ್ಯದ ಮದ್ದಿನ ಕೋಠಿ 1947ರಲ್ಲಿ ಸಿಡಿದು ಒಂಬತ್ತು ಜನ ಸತ್ತರು. ಸಿಡಿಯದೆ ಉಳಿದ ಸುಮಾರು 3,500 ಟನ್ ಮದ್ದುಗುಂಡು ಇನ್ನೂ ಕಲ್ಲುಮಣ್ಣಿನ ಕೆಳಗಿದೆ. ಅದನ್ನು ತೆಗೆಯುವ ಕೆಲಸಕ್ಕಾಗಿ 2030ರ ಹೊತ್ತಿಗೆ ಊರವರು ಹತ್ತು ವರ್ಷಕ್ಕೂ ಜಾಸ್ತಿ ಕಾಲ ಮನೆ ಬಿಡಬೇಕಾಗಿದೆ.

ಸರಿ, ನೀರೂ ಶುದ್ಧ, ಗೋಡೆಯೂ ಗಟ್ಟಿ ಅಂತಿಟ್ಟುಕೊಳ್ಳೋಣ. ಬಾಗಿಲು ಹಾಕಿದ ಮೇಲೆ ಏನಾಗುತ್ತದೆ?

ಮೊದಲು ಕೈಕೊಡುವುದು ಗಾಳಿ. ಸುಮ್ನೆ ಕೂತ ಮನುಷ್ಯನ ಉಸಿರಿನಿಂದ ಗಂಟೆಗೆ ಹತ್ತಿರ ಹತ್ತಿರ 20 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಕೋಣೆಯಲ್ಲಿ ಐದು ಜನ ಕೂತು ಸಂದಿಯೂ ಇಲ್ಲದಂತೆ ಮುಚ್ಚಿಕೊಂಡರೆ ಎರಡೂಕಾಲು ಗಂಟೆಯಲ್ಲಿ ಅದರ ಪ್ರಮಾಣ ನೂರಕ್ಕೆ ಒಂದು ಪಾಲು ದಾಟುತ್ತದೆ. ಏಳು ಗಂಟೆಯ ಹೊತ್ತಿಗೆ ಮೂರು ಪಾಲು. ಆಗ ತಲೆನೋವು, ಏದುಸಿರು ಶುರು. ಅಂದರೆ ಅಕ್ಕಿ ಮೂಟೆ ಬಿಚ್ಚುವ ಮೊದಲೇ ಫ್ಯಾನ್ ಬೇಕು. ಫ್ಯಾನಿಗೆ ಫಿಲ್ಟರ್ ಬೇಕು, ಕರೆಂಟ್ ಬೇಕು, ಕರೆಂಟಿಗೆ ಡೀಸೆಲ್ ಬೇಕು. ಡೀಸೆಲ್ ವರ್ಷಗಟ್ಟಲೆ ಇಟ್ಟರೆ ಕೆಡುತ್ತದೆ. ಜನರೇಟರಿನ ಹೊಗೆ ಹೊರಗೆ ಹೋಗಲು ಇನ್ನೊಂದು ಕೊಳವೆ ಬೇಕು.

ಜೊತೆಗೆ ಸೆಕೆ. ಒಬ್ಬೊಬ್ಬ ಮನುಷ್ಯನೂ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತಾನೆ. ಐದು ಜನ ಅಂದರೆ ಅರ್ಧ ಕಿಲೋವ್ಯಾಟ್ ಹೀಟರ್ ಹಗಲೂ ರಾತ್ರಿ ಹಚ್ಚಿಟ್ಟ ಹಾಗೆ. ಬೆವರು, ಉಸಿರಿನ ತೇವ ಗೋಡೆಗೆ ಕೂರುತ್ತದೆ, ಬೂಷ್ಟು ಹಿಡಿಯುತ್ತದೆ. ಸೈನ್ಯದ ಕಾಲದಲ್ಲಿ ಈ ಕೆಲಸಕ್ಕೆ ಮೆಕ್ಯಾನಿಕ್‌ಗಳಿದ್ದರು, ಬಿಡಿಭಾಗ ತರುವ ಟ್ರಕ್‌ಗಳಿದ್ದವು, ಇಪ್ಪತ್ನಾಲ್ಕು ಗಂಟೆಗೊಮ್ಮೆ ಬದಲಾಗುವ ಸಿಬ್ಬಂದಿ ಇದ್ದರು. ನಿಜವಾದ ಬಂಕರ್ ಅಂದರೆ ಅದು. ಹರಾಜಿನಲ್ಲಿ ಸಿಗುವುದು ಅದರ ಚಿಪ್ಪು. ಆನೆ ಕೊಂಡವರಿಗೆ ಮಾವುತನೂ ಬರಲಿಲ್ಲ, ಮೇವೂ ಬರಲಿಲ್ಲ. ಚಿತ್ರದುರ್ಗದ ಕೋಟೆ ನೋಡಲು ಹೋದವರು ಏಳು ಸುತ್ತಿನ ಗೋಡೆಗಳ ಫೋಟೋ ತೆಗೆದುಕೊಂಡು ಬರುತ್ತಾರೆ. ಆದರೆ ಮುತ್ತಿಗೆ ಬಿದ್ದಾಗ ಕೋಟೆಯೊಳಗಿನ ಜನರನ್ನು ಉಳಿಸುವುದು ಒಂದರಿಂದ ಒಂದಕ್ಕೆ ಮಳೆನೀರು ಇಳಿಯುವಂತೆ ಕಟ್ಟಿದ ಆ ಹೊಂಡಗಳು, ಕಣಜಗಳು.

ಎಷ್ಟು ದಿನ ಒಳಗಿರಬೇಕು ಅನ್ನುವ ಪ್ರಶ್ನೆಯಲ್ಲೇ ಈ ಇಡೀ ವ್ಯಾಪಾರದ ಗುಟ್ಟಿದೆ. ಬಾಂಬ್ ಸಿಡಿದ ಮೇಲೆ ಬೀಳುವ ವಿಕಿರಣ ಧೂಳಿನ ಬಗ್ಗೆ ಒಂದು ಸರಳ ಲೆಕ್ಕವಿದೆ. ಕಾಲ ಏಳು ಪಟ್ಟಾದರೆ ವಿಕಿರಣ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮೊದಲ ಗಂಟೆಯಲ್ಲಿ 1,000 ಇದ್ದದ್ದು ಏಳು ಗಂಟೆಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1. ಆದ್ದರಿಂದಲೇ ಅಮೆರಿಕ ಸರ್ಕಾರ ತನ್ನ ಜನರಿಗೆ ಕೊಡುವ ಸಲಹೆ ತುಂಬಾ ಸಪ್ಪೆ: ಹತ್ತಿರದ ಗಟ್ಟಿ ಕಟ್ಟಡದ ಒಳಗೆ ಹೋಗಿ, ನೆಲಮಾಳಿಗೆ ಅಥವಾ ಕಟ್ಟಡದ ಮಧ್ಯಕ್ಕೆ ಸೇರಿ, ಕನಿಷ್ಠ 24 ಗಂಟೆ ಅಲ್ಲೇ ಇರಿ. ಇದಕ್ಕೆ ಕಾನ್ಸಾಸ್‌ವರೆಗೆ ಹೋಗಬೇಕಿಲ್ಲ. ಹೋಗಲು ಸಮಯವೂ ಇರುವುದಿಲ್ಲ. ಸರ್ವೈವಲ್ ಕಾಂಡೋದವರು 400 ಮೈಲಿ ಒಳಗಿರುವ ಮಾಲೀಕರನ್ನು ಕವಚದ ವಾಹನದಲ್ಲಿ ಕರೆತರುತ್ತೇವೆ ಅಂದಿದ್ದರು. 400 ಮೈಲಿ ಅಂದರೆ ಬೆಂಗಳೂರಿನಿಂದ ಬೆಳಗಾವಿಗೂ ಆಚೆ. ಆ ಮೊದಲ ಕೆಲವು ಗಂಟೆಗಳೇ ಹೊರಗಿರಬಾರದ ಹೊತ್ತು.

ಹಾಗಾದರೆ ತಲೆಗೆ ಐದು ವರ್ಷದ ಊಟ ಯಾಕೆ ಕೂಡಿಡುತ್ತಾರೆ? ಕಾವಲುಗಾರ ಯಾಕೆ? ಇಲ್ಲಿ ಭಯ ವಿಕಿರಣದ್ದಲ್ಲ, ಪಕ್ಕದ ಮನೆಯವರದ್ದು. ಹಸಿದ ಜನ ಬಾಗಿಲು ತಟ್ಟುತ್ತಾರೆ ಅನ್ನುವ ಭಯ. ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಒಂಬತ್ತು ಅಡಿ ಕಾಂಕ್ರೀಟ್ ಔಷಧಿ ಅಲ್ಲ. ಬಂದೂಕು ಹಿಡಿದು ಬಾಗಿಲಲ್ಲಿ ನಿಂತವನಿಗೂ ಹೆಂಡತಿ ಮಕ್ಕಳಿರುತ್ತಾರೆ, ಅವರು ಹೊರಗಿರುತ್ತಾರೆ.

ಬಂಕರ್‌ಗಳಿಗೆ ಒಳ್ಳೇ ಕೆಲಸವೇ ಇಲ್ಲ ಅಂತಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಸೈನ್ಯ ಬಿಟ್ಟ ಗುಹೆಗಳಲ್ಲಿ ಚೀಸ್ ಹಣ್ಣಾಗುತ್ತದೆ, ಕಂಪ್ಯೂಟರ್ ಸರ್ವರ್‌ಗಳು ಗುಂಯ್‌ಗುಡುತ್ತವೆ. ತಂಪು, ಒಂದೇ ಸಮನಾದ ಹವೆ, ಒಂದೇ ಬಾಗಿಲು. ಚೀಸಿಗೆ ಬೇಕಾದ್ದೂ ಅದೇ. ಕಳ್ಳರಿಗೂ ಅದೇ ಬೇಕು! ಜರ್ಮನಿಯ ಟ್ರಾಬೆನ್-ಟ್ರಾರ್ಬಾಖ್ ಊರಿನ ಹಳೇ ಸೇನಾ ಬಂಕರನ್ನು 2013ರಲ್ಲಿ ಕೊಂಡವರು ಅಲ್ಲಿ ಡಾರ್ಕ್‌ನೆಟ್, ಅಂದರೆ ಕಳ್ಳ ವ್ಯವಹಾರ ನಡೆಯುವ ಗುಪ್ತ ಇಂಟರ್ನೆಟ್ಟಿನ ಸರ್ವರ್‌ಗಳನ್ನು ನಡೆಸಿದರು. 2019ರಲ್ಲಿ ಪೊಲೀಸರು ನುಗ್ಗಿದರು, 2021ರಲ್ಲಿ ಎಂಟು ಜನರಿಗೆ ಶಿಕ್ಷೆಯಾಯಿತು. ಕಾನ್ಸಾಸ್‌ನ ವಾಮೀಗೋ ಹತ್ತಿರದ ಅಟ್ಲಾಸ್ ಜಾಗವೊಂದರಲ್ಲಿ 2000ರಲ್ಲಿ ಎಲ್‌ಎಸ್‌ಡಿ ಎಂಬ ಮಾದಕವಸ್ತು ತಯಾರಿಸುವ ಸಾಮಗ್ರಿ ಸಿಕ್ಕಿತ್ತು. ಕೆನಡಾದ ಆಲ್ಬರ್ಟಾದಲ್ಲಿ ಖಾಸಗಿಯವರಿಗೆ ಮಾರಿದ್ದ ಬಂಕರಿನ ಮೇಲೆ ಬೈಕ್ ಗ್ಯಾಂಗಿನವರ ಕಣ್ಣು ಬಿದ್ದಿದೆ ಎಂಬ ಸುದ್ದಿ ಬಂದು, ಸರ್ಕಾರ ಅದನ್ನು ವಾಪಸ್ ಕೊಂಡು ಕೆಡವಿಹಾಕಿತು. ಒಮ್ಮೆ ಮಾರಿದ್ದನ್ನು ಮತ್ತೆ ದುಡ್ಡು ಕೊಟ್ಟು ಕೊಂಡು ಒಡೆಯುವುದು ಸರ್ಕಾರಗಳಿಗೆ ಮಾತ್ರ ಸಾಧ್ಯ.

ಮಾರಿ ಕೈಸುಟ್ಟುಕೊಂಡವರಲ್ಲಿ ಜರ್ಮನಿ ದೊಡ್ಡದು. 2007ರಲ್ಲಿ ಅಲ್ಲಿನ ಸರ್ಕಾರ ಇನ್ನು ಸಾರ್ವಜನಿಕ ಆಶ್ರಯತಾಣಗಳ ಅಗತ್ಯವಿಲ್ಲ ಅಂತ ತೀರ್ಮಾನಿಸಿತು. ಒಂದೊಂದಾಗಿ ಬೇರೆ ಬಳಕೆಗೆ ಬಿಡುತ್ತಾ ಬಂತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತು. ಮಾರ್ಚ್‌ನಲ್ಲಿ ಜರ್ಮನಿ 'ತಡೀರಿ' ಅಂದಿತು. ಎಣಿಸಿ ನೋಡಿದರೆ ಉಳಿದದ್ದು 579 ತಾಣ, ಹತ್ತಿರ ಹತ್ತಿರ 4,80,000 ಜನಕ್ಕೆ ಜಾಗ. ದೇಶದ ಜನಸಂಖ್ಯೆ 8 ಕೋಟಿ ಮೇಲೆ. 2025ರಲ್ಲಿ ಅಲ್ಲಿನ ನಾಗರಿಕ ರಕ್ಷಣಾ ಇಲಾಖೆಯ ಮುಖ್ಯಸ್ಥರು ಬೇಗನೆ ಹತ್ತು ಲಕ್ಷ ಜನಕ್ಕೆ ಜಾಗ ಮಾಡಬೇಕು ಅಂದರು. ಅದಕ್ಕೆ ಅವರು ತೋರಿಸಿದ್ದು ಹಳೇ ಬಂಕರ್‌ಗಳನ್ನಲ್ಲ. ಸುರಂಗ, ಮೆಟ್ರೋ ನಿಲ್ದಾಣ, ಪಾರ್ಕಿಂಗ್, ಕಟ್ಟಡಗಳ ನೆಲಮಾಳಿಗೆ.

ಫಿನ್ಲೆಂಡ್ ಈ ಕೆಲಸವನ್ನು ಯಾವತ್ತೂ ನಿಲ್ಲಿಸಿರಲಿಲ್ಲ. ಅಲ್ಲಿ 50,500 ಆಶ್ರಯತಾಣಗಳಿವೆ, 48 ಲಕ್ಷ ಜನಕ್ಕೆ ಸಾಕು. ಇಡೀ ದೇಶದಲ್ಲಿರುವುದೇ ಸುಮಾರು 56 ಲಕ್ಷ ಜನ. 1,200 ಚದರ ಮೀಟರ್ ದಾಟಿದ ವಸತಿ ಕಟ್ಟಡ ಕಟ್ಟುವವರು ಆಶ್ರಯತಾಣವನ್ನೂ ಕಟ್ಟಲೇಬೇಕು ಅಂತ ಕಾನೂನಿದೆ. ಸ್ವಿಟ್ಜರ್ಲೆಂಡ್‌ನಲ್ಲಿ 1963ರ ಕಾನೂನಿನಿಂದಾಗಿ ಸುಮಾರು 90 ಲಕ್ಷ ಜನಕ್ಕೆ ಜಾಗವಿದೆ. ಹೆಚ್ಚುಕಡಿಮೆ ತಲೆಗೊಂದು. ಹೆಲ್ಸಿಂಕಿಯಲ್ಲಿ ಬಂಡೆ ಕೊರೆದು ಮಾಡಿದ ಈಜುಕೊಳ ಇದೆ. ಯುದ್ಧ ಬಂದರೆ ನೀರು ಖಾಲಿ ಮಾಡಿ ಅದೇ ಆಶ್ರಯತಾಣ. ಕಾನ್ಸಾಸ್‌ನಲ್ಲೂ ನೆಲದೊಳಗೆ ಈಜುಕೊಳ, ಇಲ್ಲೂ ನೆಲದೊಳಗೆ ಈಜುಕೊಳ. ಹೆಲ್ಸಿಂಕಿಯದ್ದರಲ್ಲಿ ಮಕ್ಕಳು ದಿನಾ ಈಜುವುದರಿಂದ ಪಂಪ್, ಫ್ಯಾನ್, ದೀಪ ಎಲ್ಲಾ ದಿನಾ ಓಡುತ್ತಿರುತ್ತವೆ. ಹಾಳಾದದ್ದು ಅವತ್ತೇ ಗೊತ್ತಾಗುತ್ತದೆ. ಯಾರೂ ಇಲ್ಲದ ಸೈಲೋದಲ್ಲಿ ಪಂಪ್ ಕೆಟ್ಟಿದೆ ಅಂತ ತಿಳಿಯುವುದು ಬಾಗಿಲು ತೆಗೆದ ದಿನ.

ನಮಗೂ ಇದಕ್ಕೂ ಏನು ಸಂಬಂಧ ಅಂದರೆ, 2022ರ ಮಾರ್ಚ್ 1 ನೆನಪಿಸಿಕೊಳ್ಳಿ. ಉಕ್ರೇನಿನ ಹಾರ್ಕಿವ್ ನಗರದಲ್ಲಿ ನೂರಾರು ಭಾರತೀಯ ವಿದ್ಯಾರ್ಥಿಗಳು ನೆಲಮಾಳಿಗೆಗಳಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ ಕೂತಿದ್ದರು. ಅವರಲ್ಲಿ ಕನ್ನಡದ ಹುಡುಗರೂ ಇದ್ದರು. ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಊಟದ ಸಾಮಾನಿಗೆ ಅಂತ ಹೊರಗೆ ಬಂದು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಅಡಗುವ ಜಾಗ ಇತ್ತು. ಒಳಗೆ ತಿನ್ನಲು ಏನೂ ಉಳಿದಿರಲಿಲ್ಲ.

ಜಮ್ಮು ಗಡಿಯ ಹಳ್ಳಿಗಳಲ್ಲಿ ಬಂಕರ್ ಅನ್ನುವುದು ಶ್ರೀಮಂತರ ಹುಚ್ಚಲ್ಲ, ಹಿತ್ತಲಿನ ವಿಷಯ. ಅಲ್ಲಿನ ಜನರಿಗಾಗಿ 14,460 ಬಂಕರ್ ಕಟ್ಟಲು ಕೇಂದ್ರ ಸರ್ಕಾರ 415 ಕೋಟಿ ರೂಪಾಯಿ ಮೇಲೆ ಮಂಜೂರು ಮಾಡಿತ್ತು. ಭಾಗಿಸಿ ನೋಡಿದರೆ ಒಂದಕ್ಕೆ ಮೂರು ಲಕ್ಷದ ಹತ್ತಿರ. 2025ರ ಮೇ ತಿಂಗಳಲ್ಲಿ ಶೆಲ್ ಬೀಳತೊಡಗಿದಾಗ ಪೂಂಛ್ ಪಟ್ಟಣದವರಿಗೆ ಹೋಗಲು ಬಂಕರ್ ಇರಲಿಲ್ಲ, ಹಲವರು ಸತ್ತರು. ನಮ್ಮಲ್ಲಿ ಅದೇ ಹೊತ್ತಿಗೆ ಬೆಂಗಳೂರು, ಕಾರವಾರ, ರಾಯಚೂರಿನಲ್ಲಿ ಸೈರನ್ ಊದಿ ಅಣಕು ಕವಾಯತು ಅಂತ ಸುದ್ದಿ. ಅದಕ್ಕೂ ಮೊದಲು, ಪಹಲ್ಗಾಮ್ ದಾಳಿ ಆದ ಕೆಲವೇ ದಿನಗಳಲ್ಲಿ, ಗಡಿಯ ಹಳ್ಳಿಗರು ಏನಾಗಬಹುದು ಅಂತ ಯಾರೂ ಹೇಳುವ ಮುಂಚೆಯೇ ತಮ್ಮ ಬಂಕರ್‌ಗಳಿಗೆ ಇಳಿದಿದ್ದರು. ಬಹಳ ದಿನ ಬಳಸದೆ ಬಿಟ್ಟ ಜಾಗ. ಕಸ ಗುಡಿಸಿದರು, ಕಂಬಳಿ ಹಾಸಿದರು, ಊಟದ ಸಾಮಾನು ತಂದಿಟ್ಟರು.